570001: ಮೈಸೂರಿನ ಪಿನ್‌ಕೋಡ್ ಹಿಡಿದು ದೊಡ್ಡ ಸಂಖ್ಯೆಯೊಂದರ ಜಾತಕ ಬರೆಯುವುದು ಹೇಗೆ?

ಆರಂಕಿಯ ಸಂಖ್ಯೆಯೊಂದನ್ನು ಮುಂದಿಟ್ಟು ಇದರ ಬಗ್ಗೆ ಏನು ಹೇಳ್ತೀರಿ ಅಂತ ಕೇಳಿದರೆ, ನಮ್ಮಲ್ಲಿ ಹೆಚ್ಚಿನವರು ಸಮವೋ ಬೆಸವೋ ಹೇಳಿ ಸುಮ್ಮನಾಗುತ್ತೇವೆ. ಆದರೆ ಪ್ರತಿ ಸಂಖ್ಯೆಗೂ ಒಳಗೊಂದು ಕಟ್ಟಡ ಇರುತ್ತದೆ. ಅದನ್ನು ಬಿಚ್ಚಿ ನೋಡಲು ಕಂಪ್ಯೂಟರ್ ಬೇಕಿಲ್ಲ. ಒಂದು ನೋಟ್‌ಬುಕ್, ಪೆನ್ಸಿಲ್, ಒಂದು ಸಂಜೆಯ ಬಿಡುವು ಇದ್ದರೆ ಸಾಕು. ಏಳನೇ ಕ್ಲಾಸಿನ ಭಾಗಾಕಾರ ಬರುವ ಯಾರು ಬೇಕಾದರೂ ಮಾಡಬಹುದು.

ಅಭ್ಯಾಸಕ್ಕೆ ಸಂಖ್ಯೆ ಹುಡುಕಿಕೊಂಡು ದೂರ ಹೋಗುವುದು ಬೇಡ. ಪಿನ್‌ಕೋಡ್ ತೆಗೆದುಕೊಳ್ಳೋಣ. ಮೈಸೂರಿನ ಪ್ರಧಾನ ಅಂಚೆ ಕಚೇರಿಯದು 570001. ಬೆಂಗಳೂರು ರಸ್ತೆಯಲ್ಲಿ ಹೊರಟರೆ ಮೊದಲು ಸಿಗುವ ಶ್ರೀರಂಗಪಟ್ಟಣದ್ದು 571438. ಇನ್ನೂ ಮುಂದೆ ಹೋದರೆ ಮಂಡ್ಯ, 571401. ನೋಡಲು ಮೂರೂ ಒಂದೇ ಥರ. ಒಳಗೆ ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ಬೇರೆ. ಅದನ್ನು ಕಣ್ಣಾರೆ ನೋಡಬೇಕು ಅನ್ನುವುದೇ ಈ ಬರಹದ ಆಸೆ.

ಪಿನ್‌ಕೋಡ್ ಬಗ್ಗೆ ಎರಡು ಮಾತು. ಇದು ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಇದನ್ನು ರೂಪಿಸಿದವರು ಆಗ ಕೇಂದ್ರ ಸಂಪರ್ಕ ಸಚಿವಾಲಯದಲ್ಲಿದ್ದ ಶ್ರೀರಾಮ್ ಭಿಕಾಜಿ ವೇಲಣಕರ್. ಮೊದಲ ಅಂಕಿ ವಲಯವನ್ನು ಹೇಳುತ್ತದೆ. 5 ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣ. ಮೊದಲ ಮೂರು ಅಂಕಿ ಸೇರಿದರೆ ಟಪಾಲು ವಿಂಗಡಿಸುವ ಜಿಲ್ಲೆ, ಕೊನೆಯ ಮೂರು ಅಂಕಿ ಅಂಚೆ ಕಚೇರಿ. ಹಾಗಾಗಿಯೇ ಎಷ್ಟೋ ಕಡೆ 570 001 ಅಂತ ನಡುವೆ ಜಾಗ ಬಿಟ್ಟು ಬರೆದಿರುತ್ತಾರೆ. ಈ ಮೂರು-ಮೂರರ ಪಾಲು ಮುಂದೆ ನಮಗೇ ಕೆಲಸಕ್ಕೆ ಬರುತ್ತದೆ, ನೆನಪಿಟ್ಟುಕೊಳ್ಳಿ. ಪಿನ್‌ಕೋಡ್ ಬರೀ ಗುರುತು, ಎರಡು ಪಿನ್‌ಕೋಡ್ ಕೂಡಿದರೆ ಏನೂ ಅರ್ಥ ಬರುವುದಿಲ್ಲ ಅನ್ನುವುದು ನಿಜ. ಆದರೆ ಐದು ಲಕ್ಷದ ಎಪ್ಪತ್ತು ಸಾವಿರದ ಒಂದು ಅನ್ನುವ ಸಂಖ್ಯೆ ಅಂಚೆ ಇಲಾಖೆ ಹುಟ್ಟುವ ಮೊದಲೂ ಇತ್ತು. ನಾವು ನೋಡುವುದು ಆ ಸಂಖ್ಯೆಯನ್ನು.

ಮೊದಲ ಹೆಜ್ಜೆ: ಸುಲಭದ ಭಾಜಕಗಳನ್ನು ಮುಗಿಸಿಬಿಡಿ

ಕೊನೆಯ ಅಂಕಿ ನೋಡಿದರೆ 2 ಮತ್ತು 5ರ ವಿಷಯ ತಿಳಿಯುತ್ತದೆ. 570001 ಮತ್ತು 571401 ಎರಡೂ 1ರಲ್ಲಿ ಮುಗಿಯುತ್ತವೆ, ಆದ್ದರಿಂದ 2, 5 ಎರಡೂ ಇಲ್ಲ. 571438 ಸಮ ಸಂಖ್ಯೆ, 2 ಹೋಗುತ್ತದೆ. ಕೊನೆಯ ಎರಡು ಅಂಕಿ 38, ಅದು 4ರಿಂದ ಭಾಗವಾಗುವುದಿಲ್ಲ. ಹಾಗಾಗಿ 2 ಒಂದೇ ಸಲ.

3 ಮತ್ತು 9ಕ್ಕೆ ಅಂಕಿಗಳನ್ನು ಕೂಡಿ. ಮೈಸೂರಿನ ಅಂಕಿಗಳ ಮೊತ್ತ 13, ಆದ್ದರಿಂದ 3 ಇಲ್ಲ. ಶ್ರೀರಂಗಪಟ್ಟಣದ್ದು 28, ಅಲ್ಲೂ ಇಲ್ಲ. ಮಂಡ್ಯದ್ದು 18, ಅಲ್ಲಿ 9 ಹೋಗುತ್ತದೆ.

ಇನ್ನು 7, 11, 13. ಶಾಲೆಯಲ್ಲಿ 11ರ ನಿಯಮ ಹೇಳಿಕೊಡುತ್ತಾರೆ, 7 ಮತ್ತು 13ಕ್ಕೆ ಸುಮ್ನೆ ಭಾಗಿಸಿ ನೋಡು ಅನ್ನುತ್ತಾರೆ. ಮೂರನ್ನೂ ಒಂದೇ ಏಟಿಗೆ ಮುಗಿಸುವ ದಾರಿ ಇದೆ. 7 × 11 × 13 = 1001. ಈಗ ಸಂಖ್ಯೆಯನ್ನು ಅಂಚೆಯವರು ಒಡೆದ ಹಾಗೆಯೇ ಮೂರು-ಮೂರಾಗಿ ಒಡೆಯಿರಿ. ದೊಡ್ಡ ಪಾಲಿನಿಂದ ಸಣ್ಣ ಪಾಲನ್ನು ಕಳೆಯಿರಿ. ಉಳಿದದ್ದು 7ರಿಂದ ಭಾಗವಾದರೆ ಇಡೀ ಸಂಖ್ಯೆಯೂ 7ರಿಂದ ಭಾಗವಾಗುತ್ತದೆ. 11 ಮತ್ತು 13ಕ್ಕೂ ಇದೇ ಮಾತು.

ಯಾಕೆ ಹೀಗೆ? 571438 ಅಂದರೆ 571 × 1000 + 438. ಆ 1000ವನ್ನು 1001 − 1 ಅಂತ ಬರೆಯಿರಿ. ಆಗ 571 × 1001 − 571 + 438 ಆಗುತ್ತದೆ. ಮೊದಲ ಭಾಗ ಹೇಗೂ 7, 11, 13 ಮೂರರಿಂದಲೂ ಹೋಗುತ್ತದೆ. ತೀರ್ಮಾನ ಉಳಿಯುವುದು 571 ಮತ್ತು 438ರ ವ್ಯತ್ಯಾಸದಲ್ಲಿ.

ಆ ವ್ಯತ್ಯಾಸ 133, ಅಂದರೆ 7 × 19. ಶ್ರೀರಂಗಪಟ್ಟಣದಲ್ಲಿ 7 ಸಿಕ್ಕಿತು! ಮಂಡ್ಯಕ್ಕೆ 571 − 401 = 170. ಅದು 7, 11, 13 ಯಾವುದರಿಂದಲೂ ಹೋಗುವುದಿಲ್ಲ. ಮೈಸೂರಿಗೆ 570 − 1 = 569. ಅಲ್ಲೂ ಮೂರೂ ಇಲ್ಲ.

ಎರಡನೇ ಹೆಜ್ಜೆ: ಸಿಕ್ಕಿದ್ದನ್ನು ಪೂರ್ತಿ ಹೊರತೆಗೆಯಿರಿ

ಒಂದು ಭಾಜಕ ಸಿಕ್ಕ ಕೂಡಲೇ ಅದನ್ನು ಎಷ್ಟು ಸಲ ಆಗುತ್ತದೋ ಅಷ್ಟು ಸಲ ಭಾಗಿಸಿ ತೆಗೆದುಬಿಡಬೇಕು. ಶ್ರೀರಂಗಪಟ್ಟಣದ ಸಂಖ್ಯೆಯನ್ನು ಮೊದಲು 2ರಿಂದ ಭಾಗಿಸಿದರೆ 285719. ಈಗ 7ರಿಂದ ಭಾಗಿಸುತ್ತಾ ಹೋಗಿ:

285719 ÷ 7 = 40817
40817 ÷ 7 = 5831
5831 ÷ 7 = 833
833 ÷ 7 = 119
119 ÷ 7 = 17

ಐದು ಸಲ! ಕೊನೆಗೆ ಉಳಿದದ್ದು 17, ಅದು ಅವಿಭಾಜ್ಯ, ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆ. ಅಲ್ಲಿಗೆ 571438 = 2 × 7⁵ × 17. ಆರಂಕಿಯ ಸಂಖ್ಯೆಯೊಂದು ಇಷ್ಟು ಸಣ್ಣ ಸಣ್ಣ ಅವಿಭಾಜ್ಯಗಳಾಗಿ ಒಡೆಯುವುದು ಅಪರೂಪ. ಅದರಲ್ಲೂ 7ರ ಐದನೇ ಘಾತ ಬರುವುದು ಇನ್ನೂ ಅಪರೂಪ. 7⁵ ಅಂದರೆ 16807. ಅದರ ಅಪವರ್ತ್ಯ ಬರುವುದೇ ಹದಿನಾರು ಸಾವಿರ ಚಿಲ್ಲರೆ ಸಂಖ್ಯೆಗಳಿಗೊಮ್ಮೆ. ಇನ್ನು ಮುಂದೆ ಶ್ರೀರಂಗಪಟ್ಟಣದ ವಿಳಾಸ ಬರೆಯುವಾಗ ಒಂದು ಕ್ಷಣ ಈ ಸಂಖ್ಯೆಯನ್ನು ನೋಡಿ.

ಮಂಡ್ಯದ್ದನ್ನು 9ರಿಂದ ಭಾಗಿಸಿದರೆ 63489. ಅದರ ಅಂಕಿಗಳ ಮೊತ್ತ 30, ಹಾಗಾಗಿ ಇನ್ನೊಂದು 3 ಹೋಗುತ್ತದೆ. ಉಳಿಯುವುದು 21163. ಇದರ ಅಂಕಿಗಳ ಮೊತ್ತ 13, ಇನ್ನು 3 ಇಲ್ಲ. ಸದ್ಯಕ್ಕೆ 571401 = 3³ × 21163. ಈ 21163 ಇನ್ನೂ ಒಡೆಯುತ್ತದೆಯೋ ಇಲ್ಲವೋ ಗೊತ್ತಿಲ್ಲ. ಮೈಸೂರಿನ ಸಂಖ್ಯೆಯಂತೂ ಇನ್ನೂ ಅಲುಗಾಡಿಯೇ ಇಲ್ಲ.

ಮೂರನೇ ಹೆಜ್ಜೆ: ಎಲ್ಲಿಯವರೆಗೆ ಹುಡುಕಬೇಕು?

ಕೆಲಸ ಉಳಿಸುವ ನಿಯಮ ಇದು. ಒಂದು ಸಂಖ್ಯೆ ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ, ಎರಡೂ ಅದರ ವರ್ಗಮೂಲಕ್ಕಿಂತ ದೊಡ್ಡದಾಗಿರಲು ಸಾಧ್ಯವಿಲ್ಲ. ಆದ್ದರಿಂದ ವರ್ಗಮೂಲದವರೆಗಿನ ಅವಿಭಾಜ್ಯಗಳನ್ನು ನೋಡಿದರೆ ಸಾಕು. 754ರ ವರ್ಗ 568516, 755ರ ವರ್ಗ 570025. 570001 ಇವೆರಡರ ನಡುವೆ ಇದೆ. ಹಾಗಾಗಿ ಮೈಸೂರಿಗೆ 754ರವರೆಗೆ ಹುಡುಕಬೇಕು.

ಮಂಡ್ಯಕ್ಕೂ ಮೊದಲಿಗೆ ಮಿತಿ 755 ಇತ್ತು. ಆದರೆ 27 ಹೊರಗೆ ಬಂದ ಮೇಲೆ ಉಳಿದ 21163ರ ವರ್ಗಮೂಲ 145 ಚಿಲ್ಲರೆ ಮಾತ್ರ. ಸಿಕ್ಕಿದ್ದನ್ನು ಪೂರ್ತಿ ಹೊರತೆಗೆಯಿರಿ ಎಂದದ್ದು ಇದಕ್ಕೇ. 139ರವರೆಗೆ 34 ಅವಿಭಾಜ್ಯಗಳಿವೆ. ಅದರಲ್ಲಿ 2, 3, 5, 7, 11, 13 ಆಗಲೇ ಮುಗಿದಿವೆ. ಉಳಿದ 28ರಿಂದ ಭಾಗಿಸಿ ನೋಡಿ. ಯಾವುದೂ ಹೋಗುವುದಿಲ್ಲ. 37ರ ಹತ್ತಿರ ಮಾತ್ರ ಆಸೆ ಹುಟ್ಟುತ್ತದೆ, ಯಾಕೆಂದರೆ 37 × 572 = 21164. ಒಂದೇ ಒಂದು ಜಾಸ್ತಿ. ಅಲ್ಲಿಗೆ 21163 ಅವಿಭಾಜ್ಯ, ಮಂಡ್ಯದ ಒಡೆತ ಮುಗಿಯಿತು.

ಮೈಸೂರಿಗೆ 754ರವರೆಗಿನ ಅವಿಭಾಜ್ಯಗಳ ಪಟ್ಟಿ ಬೇಕು. ಕ್ರಿ.ಪೂ. ಮೂರನೇ ಶತಮಾನದ ಎರಟೋಸ್ತನೀಸ್‌ನ ಜರಡಿ ಇದಕ್ಕೆ ಇವತ್ತಿಗೂ ಒಳ್ಳೆಯ ದಾರಿ. 2ರಿಂದ 754ರವರೆಗೆ ಬರೆದುಕೊಳ್ಳಿ. 2ನ್ನು ಬಿಟ್ಟು ಅದರ ಅಪವರ್ತ್ಯಗಳನ್ನೆಲ್ಲ ಹೊಡೆದುಹಾಕಿ. ಆಮೇಲೆ 3, 5, 7 ಹೀಗೆ ಮುಂದುವರಿಯಿರಿ. 23ರವರೆಗೆ ಮಾಡಿದರೆ ಸಾಕು, ಯಾಕೆಂದರೆ 29 × 29 ಆಗಲೇ 841. ಕೊನೆಗೆ 133 ಸಂಖ್ಯೆಗಳು ಉಳಿಯುತ್ತವೆ. ಕೊನೆಯದು 751. ಎಣಿಸಿ ನೋಡಿ. 133 ಬರಲಿಲ್ಲ ಅಂದರೆ ಎಲ್ಲೋ ಒಂದು ಗೆರೆ ತಪ್ಪಿದೆ ಅಂತ ಅರ್ಥ.

ನಾಲ್ಕನೇ ಹೆಜ್ಜೆ: ಕೂತು ಭಾಗಿಸುವುದು

133ರಲ್ಲಿ 2, 3, 5, 7, 11, 13 ಹೋದವು. 19ನ್ನೂ ಬಾಯಲ್ಲೇ ಮುಗಿಸಬಹುದು. 57 ಅಂದರೆ 3 × 19, ಆದ್ದರಿಂದ 570000 ಪೂರ್ತಿ 19ರಿಂದ ಹೋಗುತ್ತದೆ, 570001ಕ್ಕೆ ಶೇಷ 1. ಉಳಿದದ್ದು 126 ಭಾಗಾಕಾರ. ಕೇಳಲು ಬಹಳ ಅನ್ನಿಸಬಹುದು. ಆದರೆ ನಮ್ಮ ಸಂಖ್ಯೆಯಲ್ಲಿ ಮೂರು ಸೊನ್ನೆ ಇರುವುದರಿಂದ ಕೈ ಸರಾಗವಾಗಿ ಓಡುತ್ತದೆ.

23ರಿಂದ ಒಂದನ್ನು ಪೂರ್ತಿ ಮಾಡಿ ತೋರಿಸುತ್ತೇನೆ. 57ರಲ್ಲಿ 23 ಎರಡು ಸಲ, ಉಳಿದದ್ದು 11. ಸೊನ್ನೆ ಇಳಿಸಿ, 110. ನಾಲ್ಕು ಸಲ, ಉಳಿದದ್ದು 18. ಸೊನ್ನೆ ಇಳಿಸಿ, 180. ಏಳು ಸಲ, ಉಳಿದದ್ದು 19. ಸೊನ್ನೆ ಇಳಿಸಿ, 190. ಎಂಟು ಸಲ, ಉಳಿದದ್ದು 6. ಒಂದು ಇಳಿಸಿ, 61. ಎರಡು ಸಲ, ಶೇಷ 15. ಭಾಗಲಬ್ಧ 24782.

ತಾಳೆ ನೋಡುವುದನ್ನು ಬಿಡಬೇಡಿ. ಒಂಬತ್ತು ಕಳೆಯುವ ಹಳೇ ಪದ್ಧತಿ ಇಲ್ಲಿ ಬಹಳ ಉಪಯೋಗ. 24782ರ ಅಂಕಿಗಳನ್ನು ಕೂಡಿದರೆ 23, ಮತ್ತೆ ಕೂಡಿದರೆ 5. ಭಾಜಕ 23 ಕೂಡ 5. 5 × 5 = 25, ಅದು 7. ಶೇಷ 15, ಅದು 6. 7 + 6 = 13, ಅದು 4. ಇತ್ತ 570001ರ ಅಂಕಿಗಳ ಮೊತ್ತ 13, ಅದೂ 4. ತಾಳೆಯಾಯಿತು. ಇದು ನೂರಕ್ಕೆ ನೂರು ಖಾತ್ರಿಯಲ್ಲ, ಆದರೆ ಹೆಚ್ಚಿನ ತಪ್ಪುಗಳು ಇಲ್ಲೇ ಸಿಕ್ಕಿಬೀಳುತ್ತವೆ.

ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿ: ಅವಿಭಾಜ್ಯ, ಭಾಗಲಬ್ಧ, ಶೇಷ. ಶೇಷ ಸೊನ್ನೆಯಲ್ಲ ಅಂತ ಗೊತ್ತಾದ ಮೇಲೆ ಅದನ್ನು ಬರೆಯುವುದು ಯಾಕೆ ಅಂತ ಕೇಳಬಹುದು. ಆ ಕಾಲಂನಲ್ಲಿ ಅಕ್ಕಪಕ್ಕದ ಸಂಖ್ಯೆಗಳ ಗುಟ್ಟೂ ಇರುತ್ತದೆ. 59ರ ಮುಂದೆ ಶೇಷ 2 ಬರುತ್ತದೆ. ಅಂದರೆ ಎರಡು ಕಡಿಮೆ ಇರುವ 569999 ಸರಿಯಾಗಿ ಭಾಗವಾಗುತ್ತದೆ: 59 × 9661. 647ಕ್ಕೆ ಆರು ಸಾಲದೆ ನಿಲ್ಲುತ್ತದೆ: 647 × 881 = 570007. 751ಕ್ಕೆ ಎಂಟು ಸಾಲದು: 751 × 759 = 570009. ಒಂದು ಸಂಖ್ಯೆಗೆ ಪಟ್ಟ ಶ್ರಮ ಇಡೀ ನೆರೆಹೊರೆಗೆ ದಕ್ಕುತ್ತದೆ.

751 ಕೂಡ ಮುಗಿದಾಗ ಎಲ್ಲೂ ಸೊನ್ನೆ ಬಂದಿರುವುದಿಲ್ಲ. ಅಲ್ಲಿಗೆ ತೀರ್ಮಾನ: 570001 ಅವಿಭಾಜ್ಯ ಸಂಖ್ಯೆ.

ಇದು ಪವಾಡ ಏನಲ್ಲ. ಈ ಗಾತ್ರದ ಸಂಖ್ಯೆಗಳಲ್ಲಿ ಸರಾಸರಿ ಹದಿಮೂರಕ್ಕೆ ಒಂದು ಅವಿಭಾಜ್ಯ ಇರುತ್ತದೆ. ಹಾಗಿದ್ದೂ ಒಂದು ಊರಿನ ಮೊದಲ ಪಿನ್‌ಕೋಡ್ ಹೀಗೆ ಒಡೆಯದೆ ನಿಂತಿರುವುದು ನನಗೆ ತುಂಬಾ ಸಂತೋಷ ಕೊಡುವ ಸಂಗತಿ. ಪಕ್ಕದ 569999 ಒಡೆಯಿತು. 570003ರ ಅಂಕಿಗಳ ಮೊತ್ತ 15, ಅದು 3ರಿಂದ ಹೋಗುತ್ತದೆ. ಹಾಗಾಗಿ ಎರಡರ ಅಂತರದಲ್ಲಿ ಇದಕ್ಕೆ ಅವಳಿ ಇಲ್ಲ.

ಐದನೇ ಹೆಜ್ಜೆ: ಎರಡು ವರ್ಗಗಳ ಮೊತ್ತ, ಮತ್ತು ಯೂಲರ್ ತೋರಿಸಿದ ಅಡ್ಡದಾರಿ

ನನಗೆ ಅತಿ ಇಷ್ಟವಾದ ಭಾಗ ಇದು, ಸ್ವಲ್ಪ ನಿಧಾನವಾಗಿ ಹೋಗೋಣ.

ಫ್ರಾನ್ಸಿನ ಗಣಿತಜ್ಞ ಫರ್ಮಾ 1640ರಲ್ಲಿ ಪತ್ರವೊಂದರಲ್ಲಿ ಹೇಳಿದ ಮಾತು ಹೀಗಿದೆ. 4ರಿಂದ ಭಾಗಿಸಿದಾಗ ಶೇಷ 1 ಬರುವ ಪ್ರತಿ ಅವಿಭಾಜ್ಯವನ್ನೂ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ಒಂದು ರೀತಿಯಲ್ಲಿ. 5 = 1 + 4, 13 = 4 + 9, 17 = 1 + 16. ಸುಮಾರು ನೂರು ವರ್ಷ ಕಳೆದ ಮೇಲೆ ಸ್ವಿಸ್ ಗಣಿತಜ್ಞ ಯೂಲರ್ ಇದನ್ನು ಸಾಧಿಸಿದ. ತಿರುಗಿಸಿ ಹೇಳಿದರೂ ಕೆಲಸಕ್ಕೆ ಬರುತ್ತದೆ. ಇಂಥ ಬೆಸ ಸಂಖ್ಯೆಯೊಂದು ಒಂದೇ ಒಂದು ರೀತಿಯಲ್ಲಿ ಎರಡು ವರ್ಗಗಳ ಮೊತ್ತವಾಗಿದ್ದು, ಆ ಎರಡಕ್ಕೂ 1 ಬಿಟ್ಟು ಬೇರೆ ಸಾಮಾನ್ಯ ಭಾಜಕ ಇಲ್ಲದಿದ್ದರೆ, ಅದು ಅವಿಭಾಜ್ಯ. ಅಂದರೆ 126 ಭಾಗಾಕಾರವನ್ನು ನಂಬದವರಿಗೆ ಇನ್ನೊಂದು ಪರೀಕ್ಷೆ ಇದೆ.

570001ರ ಕೊನೆಯ ಎರಡು ಅಂಕಿ 01, ಹಾಗಾಗಿ 4ರಿಂದ ಭಾಗಿಸಿದರೆ ಶೇಷ 1. ಈಗ 570001 = ಒಂದು ಬೆಸ ಸಂಖ್ಯೆಯ ವರ್ಗ + ಒಂದು ಸಮ ಸಂಖ್ಯೆಯ ವರ್ಗ. ಯಾವುವು ಅಂತ ಹುಡುಕಬೇಕು. ಕುರುಡಾಗಿ ಹುಡುಕುವುದು ಬೇಡ, ಮೊದಲು ಬಲೆ ಬಿಗಿ ಮಾಡೋಣ.

16ರಿಂದ ಭಾಗಿಸಿದರೆ ನಮ್ಮ ಸಂಖ್ಯೆಗೆ ಶೇಷ 1. ಬೆಸ ವರ್ಗಕ್ಕೆ 16ರಲ್ಲಿ ಶೇಷ 1 ಅಥವಾ 9 ಮಾತ್ರ ಬರುತ್ತದೆ. ಸಮ ವರ್ಗಕ್ಕೆ 0 ಅಥವಾ 4 ಮಾತ್ರ. ಕೂಡಿದರೆ 1 ಆಗಬೇಕು ಅಂದರೆ ಬೆಸದ್ದು 1, ಸಮದ್ದು 0 ಆಗಲೇಬೇಕು. ಆದ್ದರಿಂದ ಸಮ ಸಂಖ್ಯೆ 4ರ ಅಪವರ್ತ್ಯ. ಬೆಸ ಸಂಖ್ಯೆ 8ರ ಅಪವರ್ತ್ಯಕ್ಕಿಂತ ಒಂದು ಹೆಚ್ಚು ಅಥವಾ ಒಂದು ಕಡಿಮೆ.

ಕೊನೆಯ ಅಂಕಿಗೆ ಬನ್ನಿ. ವರ್ಗಗಳು 0, 1, 4, 5, 6, 9ರಲ್ಲಿ ಮಾತ್ರ ಮುಗಿಯುತ್ತವೆ. ಎರಡು ಸೇರಿ 1ರಲ್ಲಿ ಮುಗಿಯಬೇಕು ಅಂದರೆ 0 ಮತ್ತು 1, ಇಲ್ಲವೇ 5 ಮತ್ತು 6. ಎರಡರಲ್ಲೂ ಒಂದು 5ರ ಅಪವರ್ತ್ಯ. ಅದರ ವರ್ಗ 25ರಿಂದ ಹೋಗುತ್ತದೆ. 570001ಕ್ಕೆ 25ರಲ್ಲಿ ಶೇಷ 1. ಹಾಗಾಗಿ ಇನ್ನೊಂದು ಸಂಖ್ಯೆ 25ರ ಅಪವರ್ತ್ಯಕ್ಕಿಂತ ಒಂದು ಹೆಚ್ಚು ಅಥವಾ ಒಂದು ಕಡಿಮೆ ಇರಬೇಕು.

ಇಷ್ಟಾದ ಮೇಲೆ ಉಳಿಯುವ ಅಭ್ಯರ್ಥಿಗಳು ಎರಡು ಗುಂಪು. 5ರ ಅಪವರ್ತ್ಯ ಸಮ ಸಂಖ್ಯೆಯಾದರೆ, ಬೆಸದ್ದು ಇವುಗಳಲ್ಲೊಂದು: 1, 49, 151, 199, 201, 249, 351, 399, 401, 449, 551, 599, 601, 649, 751. 5ರ ಅಪವರ್ತ್ಯ ಬೆಸವಾದರೆ, ಸಮದ್ದು ಇವುಗಳಲ್ಲೊಂದು: 24, 76, 124, 176, 224, 276, 324, 376, 424, 476, 524, 576, 624, 676, 724. ಒಟ್ಟು 30. ಪ್ರತಿಯೊಂದರ ವರ್ಗವನ್ನು 570001ರಿಂದ ಕಳೆದು, ಉಳಿದದ್ದು ಪೂರ್ಣವರ್ಗವೇ ಅಂತ ನೋಡಬೇಕು. ಇದರಲ್ಲೂ ಒಂದು ಅನುಕೂಲ ಇದೆ. ಮೊದಲ ಗುಂಪಿನಲ್ಲಿ ಉಳಿದದ್ದನ್ನು 400ರಿಂದ ಭಾಗಿಸಬಹುದು, ಎರಡನೆಯದರಲ್ಲಿ 25ರಿಂದ. ಸಂಖ್ಯೆ ಚಿಕ್ಕದಾಗುತ್ತದೆ, ವರ್ಗ ಹೌದೋ ಅಲ್ಲವೋ ತಕ್ಷಣ ಗೊತ್ತಾಗುತ್ತದೆ.

ಮೊದಲ ಗುಂಪಿನಲ್ಲಿ ಒಂದೂ ಇಲ್ಲ. ಎರಡನೆಯದರಲ್ಲಿ 424 ತೆಗೆದುಕೊಂಡರೆ ಕೊನೆಗೆ 15609 ಬರುತ್ತದೆ. 125ರ ವರ್ಗ 15625, ಹತ್ತಿರ ಬಂದು ತಪ್ಪುತ್ತದೆ. 624ಕ್ಕೆ ಬನ್ನಿ. 624 × 624 = 389376. ಕಳೆದರೆ 180625. 25ರಿಂದ ಭಾಗಿಸಿದರೆ 7225. ಅದು 85ರ ವರ್ಗ! 85 × 5 = 425. ಆದ್ದರಿಂದ

570001 = 425² + 624²

ಉಳಿದ 676, 724 ಎರಡನ್ನೂ ನೋಡಿಬಿಡಿ, ಅಲ್ಲಿ ಇಲ್ಲ. ಒಂದೇ ಒಂದು ಜೋಡಿ. 425 = 5² × 17. 624 = 2⁴ × 3 × 13. ಸಾಮಾನ್ಯ ಭಾಜಕ ಇಲ್ಲ. ಯೂಲರ್‌ನ ಪರೀಕ್ಷೆಯೂ ಮೈಸೂರಿನ ಸಂಖ್ಯೆಯನ್ನು ಅವಿಭಾಜ್ಯ ಅಂತಲೇ ಹೇಳಿತು. 126 ಭಾಗಾಕಾರ ಒಂದು ಕಡೆ, 30 ಕಳೆಯುವ ಲೆಕ್ಕ ಇನ್ನೊಂದು ಕಡೆ, ಎರಡೂ ಬಂದು ಒಂದೇ ಜಾಗಕ್ಕೆ ಸೇರುವಾಗ ಆಗುವ ಖುಷಿಗಾಗಿಯಾದರೂ ಇದನ್ನು ಒಮ್ಮೆ ಕೈಯಾರೆ ಮಾಡಿ.

ಈ ಜೋಡಿಯಿಂದ ಲಂಬಕೋನ ತ್ರಿಭುಜವೂ ಸಿಗುತ್ತದೆ. ಒಂದು ಬಾಹು 624² − 425² = 208751. ಇನ್ನೊಂದು 2 × 624 × 425 = 530400. ಕರ್ಣ ಸರಿಯಾಗಿ 570001.

ಈಗ ಮಂಡ್ಯ. 571401ಕ್ಕೂ 4ರಲ್ಲಿ ಶೇಷ 1ಯೇ. ಹಾಗಾದರೆ ಇದೂ ಎರಡು ವರ್ಗಗಳ ಮೊತ್ತವೇ? ಅಲ್ಲ. ಹೊರಗಿನ ಶೇಷ ನೋಡಿ ಮೋಸ ಹೋಗಬಾರದು. ನಿಯಮ ನಡೆಯುವುದು ಒಳಗಿನ ಅವಿಭಾಜ್ಯಗಳ ಮೇಲೆ. 4ರಲ್ಲಿ ಶೇಷ 3 ಬರುವ ಪ್ರತಿ ಅವಿಭಾಜ್ಯವೂ ಸಮ ಘಾತದಲ್ಲಿ ಇರಬೇಕು. ಮಂಡ್ಯದಲ್ಲಿ 3 ಮೂರು ಸಲ ಇದೆ, 21163 ಒಂದು ಸಲ ಇದೆ, ಎರಡಕ್ಕೂ ಶೇಷ 3. ಹಾಗಾಗಿ ಎಷ್ಟು ಹುಡುಕಿದರೂ ಜೋಡಿ ಸಿಗುವುದಿಲ್ಲ. ಶ್ರೀರಂಗಪಟ್ಟಣದಲ್ಲಿ 7 ಐದು ಸಲ, ಅಲ್ಲೂ ಇಲ್ಲ. ನಾಲ್ಕು ವರ್ಗಗಳ ಮೊತ್ತವಾಗಿ ಮಾತ್ರ ಯಾವ ಸಂಖ್ಯೆಯನ್ನಾದರೂ ಬರೆಯಬಹುದು, ಅದನ್ನು 1770ರಲ್ಲಿ ಲಗ್ರಾಂಜ್ ಸಾಧಿಸಿದ.

ಆರನೇ ಹೆಜ್ಜೆ: ಭಾಜಕಗಳ ಲೆಕ್ಕ

ಒಡೆದು ಮುಗಿಸಿದ ಮೇಲೆ ಉಳಿದದ್ದೆಲ್ಲ ಸಲೀಸು. ಎಷ್ಟು ಭಾಜಕಗಳಿವೆ ಅಂತ ತಿಳಿಯಲು ಪ್ರತಿ ಘಾತಕ್ಕೂ ಒಂದು ಕೂಡಿ, ಎಲ್ಲವನ್ನೂ ಗುಣಿಸಿ. ಮೈಸೂರಿಗೆ 2. ಮಂಡ್ಯಕ್ಕೆ 4 × 2 = 8. ಶ್ರೀರಂಗಪಟ್ಟಣಕ್ಕೆ 2 × 6 × 2 = 24. ಇನ್ನು ಮೈಸೂರಿಗೆ ಒಂದೇ ಒಂದು ಕಡಿಮೆ ಇರುವ 570000 ನೋಡಿ: 2⁴ × 3 × 5⁴ × 19. ಭಾಜಕಗಳು 5 × 2 × 5 × 2 = 100. ನೂರು ಭಾಜಕಗಳಿರುವ ಸಂಖ್ಯೆಯ ಪಕ್ಕದಲ್ಲೇ ಎರಡೇ ಭಾಜಕದ ಸಂಖ್ಯೆ ನಿಂತಿದೆ.

ಭಾಜಕಗಳನ್ನು ಕೂಡಿದರೆ ಇನ್ನೊಂದು ವರ್ಗೀಕರಣ ಸಿಗುತ್ತದೆ. ಸಂಖ್ಯೆಯನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ಅದಕ್ಕೇ ಸಮವಾದರೆ ಅದು ಪರಿಪೂರ್ಣ ಸಂಖ್ಯೆ, 6 ಮತ್ತು 28 ಇದ್ದ ಹಾಗೆ. ಕಡಿಮೆಯಾದರೆ ಕೊರತೆಯ ಸಂಖ್ಯೆ, ಜಾಸ್ತಿಯಾದರೆ ಹೆಚ್ಚಳದ ಸಂಖ್ಯೆ. ಆರಂಕಿಯಲ್ಲಿ ಪರಿಪೂರ್ಣ ಸಂಖ್ಯೆ ಒಂದೂ ಇಲ್ಲ. 8128 ಆದ ಮೇಲೆ ಮುಂದಿನದು 33550336.

ಶ್ರೀರಂಗಪಟ್ಟಣದ ಮೊತ್ತ ಹೀಗೆ. 2ರ ಪಾಲು 1 + 2 = 3. 7ರ ಪಾಲು 1 + 7 + 49 + 343 + 2401 + 16807 = 19608. 17ರ ಪಾಲು 18. ಮೂರನ್ನೂ ಗುಣಿಸಿದರೆ 1058832. ಅದರಲ್ಲಿ ಸಂಖ್ಯೆಯನ್ನು ಕಳೆದರೆ 487394. 24 ಭಾಜಕಗಳಿದ್ದರೂ ಕೊರತೆಯೇ. 3 ಇಲ್ಲದ್ದು ಇಲ್ಲಿ ದೊಡ್ಡ ನಷ್ಟ. ಮಂಡ್ಯಕ್ಕೆ 40 × 21164 = 846560, ಸಂಖ್ಯೆ ಕಳೆದರೆ 275159, ಅದೂ ಕೊರತೆ. ಮೈಸೂರಿಗೆ ಉಳಿಯುವುದು ಬರೀ 1, ಅವಿಭಾಜ್ಯಗಳೆಲ್ಲದರ ಕಥೆ ಇದೇ. 570000ಕ್ಕೆ ಮಾತ್ರ 1366880 ಬಂದು, ಎರಡು ಪಟ್ಟನ್ನೂ ದಾಟುತ್ತದೆ.

ಏಳನೇ ಹೆಜ್ಜೆ: ಅಂಕಿಗಳ ಆಟ

ಇಲ್ಲಿಯವರೆಗೆ ನೋಡಿದ್ದು ಸಂಖ್ಯೆಯ ಸ್ವಂತ ಗುಣಗಳು. ನಾವು ಹತ್ತರ ಬದಲು ಎಂಟರ ಲೆಕ್ಕದಲ್ಲಿ ಬರೆದಿದ್ದರೂ ಅವು ಬದಲಾಗುತ್ತಿರಲಿಲ್ಲ. ಇನ್ನು ಮುಂದಿನವು ಬರೆಯುವ ಪದ್ಧತಿಗೆ ಅಂಟಿಕೊಂಡವು. ಚೆನ್ನಾಗಿರುತ್ತವೆ, ಮಕ್ಕಳಿಗೆ ತುಂಬಾ ಹಿಡಿಸುತ್ತವೆ. ಆದರೆ ಇವನ್ನೇ ಮೊದಲು ಹುಡುಕಿಕೊಂಡು ಹೋದರೆ ಸಂಖ್ಯೆಯ ನಿಜವಾದ ಪರಿಚಯ ಆಗುವುದಿಲ್ಲ. ಹಾಗಾಗಿ ಕೊನೆಗೆ ಇಟ್ಟಿದ್ದೇನೆ.

ತಿರುವಿ ಬರೆಯಿರಿ. 570001 ತಿರುವಿದರೆ 100075. ಅದು 25ರಿಂದ ಹೋಗುತ್ತದೆ, ಹಾಗಾಗಿ ತಿರುವಿದಾಗಲೂ ಅವಿಭಾಜ್ಯವಾಗಿ ಉಳಿಯುವ ಗುಂಪಿಗೆ ಇದು ಸೇರುವುದಿಲ್ಲ. ಎರಡೂ ಕಡೆಯಿಂದ ಒಂದೇ ಥರ ಓದಿಸಿಕೊಳ್ಳುವ ಸಂಖ್ಯೆಗಳ ಮೇಲೆ ಒಂಬತ್ತನೇ ಶತಮಾನದಲ್ಲೇ ಮಹಾವೀರಾಚಾರ್ಯರಿಗೆ ಪ್ರೀತಿ ಇತ್ತು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಈ ಗಣಿತಜ್ಞರು ಗುಣಲಬ್ಧ ಹಾರದ ಹಾಗೆ ಬರುವ ಲೆಕ್ಕಗಳನ್ನು ಕೊಟ್ಟಿದ್ದಾರೆ. ನಮ್ಮ ಮೂರೂ ಸಂಖ್ಯೆಗಳು ಆ ಹಾರಕ್ಕೆ ಸೇರುವುದಿಲ್ಲ.

ದ್ವಿಮಾನಕ್ಕೆ, ಅಂದರೆ 0 ಮತ್ತು 1 ಮಾತ್ರ ಬಳಸಿ ಬರೆಯುವ ಪದ್ಧತಿಗೆ, ಶೇಷ ಬಿಟ್ಟು ಅರ್ಧ ಮಾಡುತ್ತಾ ಹೋಗಿ. 570001, 285000, 142500, 71250, 35625, 17812, ಹೀಗೆ 1ರವರೆಗೆ. ಬೆಸ ಬಂದ ಕಡೆ 1, ಸಮ ಬಂದ ಕಡೆ 0 ಬರೆದು, ಕೆಳಗಿನಿಂದ ಮೇಲಕ್ಕೆ ಓದಿ: 10001011001010010001. ಇಪ್ಪತ್ತು ಅಂಕಿ, ಅದರಲ್ಲಿ ಎಂಟು ಒಂದು.

ಕೊನೆಯದು ಹರ್ಷದ ಸಂಖ್ಯೆ. ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಡಿ. ಆರ್. ಕಾಪ್ರೇಕರ್ ಗುರುತಿಸಿದ ಗುಂಪು ಇದು. ಸಂಖ್ಯೆ ತನ್ನ ಅಂಕಿಗಳ ಮೊತ್ತದಿಂದಲೇ ಭಾಗವಾದರೆ ಅದು ಹರ್ಷದ. ಮೈಸೂರಿನ ಮೊತ್ತ 13, ಭಾಗವಾಗುವುದಿಲ್ಲ. ಮಂಡ್ಯದ್ದು 18, ಬೆಸ ಸಂಖ್ಯೆ ಸಮ ಸಂಖ್ಯೆಯಿಂದ ಹೋಗುವ ಮಾತೇ ಇಲ್ಲ. ಶ್ರೀರಂಗಪಟ್ಟಣದ್ದು 28, ಆದರೆ ಒಳಗೆ 2 ಒಂದೇ ಸಲ ಇದೆ, 28ಕ್ಕೆ ಎರಡು ಸಲ ಬೇಕು. ಮೂರೂ ಅಲ್ಲ.

ಮೈಸೂರಿನಲ್ಲೇ ಹರ್ಷದ ಬೇಕು ಅಂದರೆ ಮಾನಸಗಂಗೋತ್ರಿಗೆ ಹೋಗಬೇಕು. ಅಲ್ಲಿನ ಪಿನ್‌ಕೋಡ್ 570006, ಅಂಕಿಗಳ ಮೊತ್ತ 18, ಭಾಗಿಸಿದರೆ ಸರಿಯಾಗಿ 31667. ನಿಮ್ಮ ಮೊದಲ ಅಭ್ಯಾಸಕ್ಕೆ ಇದನ್ನೇ ತೆಗೆದುಕೊಳ್ಳಿ. 570 − 6 = 564, ಅದು 7, 11, 13 ಯಾವುದರಿಂದಲೂ ಹೋಗುವುದಿಲ್ಲ. 31667ರ ವರ್ಗಮೂಲ 178ಕ್ಕಿಂತ ಸ್ವಲ್ಪ ಕಡಿಮೆ. 17ರಿಂದ 173ರವರೆಗಿನ 34 ಅವಿಭಾಜ್ಯಗಳಿಂದ ಭಾಗಿಸಿ ನೋಡಿ. 29ರಲ್ಲಿ ಶೇಷ 28, 71ರಲ್ಲಿ ಶೇಷ 1 ಬಂದರೆ ನಿಮ್ಮ ಲೆಕ್ಕ ಸರಿಯಾದ ದಾರಿಯಲ್ಲಿದೆ. ಕೊನೆಗೆ 570006 = 2 × 3² × 31667, ಒಟ್ಟು 12 ಭಾಜಕಗಳು ಅಂತ ಸಿಗಬೇಕು. ಅದಾದ ಮೇಲೆ ನಿಮ್ಮ ಬೀದಿಯ ಪಿನ್‌ಕೋಡ್ ಶುರುಮಾಡಿ.